ಮೊಂಡಿಯ ಮೊದಲ ಬಾಟಲಿ

...ಮೈಕಲ್ಲಿ ಹೇಳಿದ ಅಕ್ಕಾ, ಮೈಕಲ್ಲಿ! ಪಕ್ಕದವನ ಕಿವಿಗೆ ಪಿಸುಗುಟ್ಟಿದ್ದಲ್ಲ, ನನ್ನ ಒಂದು ಕಡೆ ಕರೆದು ಬೈದಿದ್ದಲ್ಲ. ಹಾಲ್ ತುಂಬ ಜನ ಕೂತಿರುವಾಗ, ಮೈಕ್ ಹಿಡ್ಕೊಂಡು, ಗಂಟಲು ಸರಿ ಮಾಡ್ಕೊಂಡು... ಆ ಮೂಗಪ್ಪ! ಅವನ ಮೂಗಿಗೆ ಒಂದು ಬಾಗಿಲು ಹಾಕ... ಇಲ್ಲ, ಕೂಗ್ತಾ ಇಲ್ಲ. ನಾನೆಲ್ಲಿ ಕೂಗ್ತಾ ಇದ್ದೀನಿ? ಇದು ನನ್ನ ಮಾಮೂಲಿ ದನಿ. ನಾನು ತೊಟ್ಟಿಲಲ್ಲಿದ್ದಾಗಿಂದ ಕೇಳಿಸ್ಕೊಂಡು ಬಂದಿದ್ದೀಯ, ಇವತ್ತೇನು ಹೊಸದಾಗಿ ಕಿವಿ ಮುಚ್ಕೊಳ್ತೀಯ?

ನಗಬೇಡ. ನಕ್ಕರೆ ನಿನಗೆ ಕೆಮ್ಮು ಬರುತ್ತೆ, ಕೆಮ್ಮು ಬಂದ್ರೆ ನರ್ಸಮ್ಮ ಬಂದು ನನ್ನ ಆಚೆ ಹಾಕ್ತಾಳೆ. ಹೌದು, ಶೂ ಬಿಚ್ಚಲಿಲ್ಲ. ಕೆಸರಾಗಿದೆ, ಕಂಡಿತು. ಆಮೇಲೆ ಒರೆಸ್ತೀನಿ. ನಾನೇ ಒರೆಸ್ತೀನಿ ಅಂದ್ನಲ್ಲ! ಅಲ್ಲ, ನಾನು ಅಲ್ಲಿ ಮಾನ ಕಳ್ಕೊಂಡು ಬಂದಿದ್ದೀನಿ, ನೀನು ನೆಲ ನೋಡ್ತಾ ಇದ್ದೀಯಲ್ಲ!

ತಡಿ, ಮೊದಲಿಂದ ಹೇಳ್ತೀನಿ. ದಿಂಬು ಸ್ವಲ್ಪ ಮೇಲೆ ಮಾಡ್ಲಾ? ಹಾಂ. ಹೀಗೆ.

ಇವತ್ತು ದ್ರಾಕ್ಷಿ ಬೆಳೆಗಾರರ ಸಂಘದ ಹಾಲಲ್ಲಿ ಹೊಸ ತಳಿಗಳ ವೈನ್ ರುಚಿ ನೋಡೋದಿತ್ತು ಅಲ್ವಾ? ಹಾಸಿಗೆ ಹಿಡಿಯೋಕೆ ಮುಂಚೆ ನೀನೇ ಹೆಸರು ಕೊಟ್ಟು ಬಂದಿದ್ದೆ. ಹೋದೆ. ಒಳ್ಳೇ ಕೋಟು ಹಾಕ್ಕೊಂಡೇ ಹೋದೆ. ಸಾಲಾಗಿ ಮೇಜು, ಬಿಳಿ ಬಟ್ಟೆ, ಇಸ್ತ್ರಿ ಗೆರೆ ಕೂಡ ಹಾಗೇ ಇತ್ತು. ಒಂದೊಂದು ಮೇಜಿಗೂ ಒಂದೊಂದು ದ್ರಾಕ್ಷಿ. ನಮ್ಮದು ಕಿಟಕಿ ಪಕ್ಕದ್ದು. ಚೀಟಿಯಲ್ಲಿ ಬರೆದಿದ್ರು: ‘ಮೊಂಡಿ. ಬಿಳಿ ದ್ರಾಕ್ಷಿ. ಹೊಸ ತಳಿ.’ ಅದರ ಕೆಳಗೆ ನಿನ್ನ ಹೆಸರು, ಇಷ್ಟು ದಪ್ಪ ಅಕ್ಷರದಲ್ಲಿ. ನನ್ನ ಹೆಸರಿರಲಿಲ್ಲ. ಇರಬೇಕು ಅಂತ ನಾನೂ ಅಂದ್ಕೊಳ್ಲಿಲ್ಲ ಬಿಡು. ದ್ರಾಕ್ಷಿ ಹುಟ್ಟಿಸಿದೋಳು ನೀನು. ನಾನು ಹಿಂಡೋನು, ಅಷ್ಟೇ.

ಪಕ್ಕದ ಮೇಜಲ್ಲಿ ಆ ನರ್ಸರಿಯವನು. ಅವನೂ ಒಂದು ಹೊಸ ದ್ರಾಕ್ಷಿ ತಂದಿದ್ದ. ಹೆಸರು ಕೇಳಿದ್ರೆ ಸೋಪಿನ ಹೆಸರಿದ್ದ ಹಾಗಿದೆ. ವೈನೂ ಸೋಪಿದ್ದ ಹಾಗೇ ಇತ್ತು. ಆದ್ರೂ ಜನ ‘ವ್ಹಾ, ವ್ಹಾ’ ಅಂತ ಅವನ ಮೇಜಿಗೆ ಮುತ್ಕೊಂಡಿದ್ರು. ನೋಡ್ತಾ ನೋಡ್ತಾ ನನಗೆ ಮೈಯೆಲ್ಲ ಉರೀತಾ ಇತ್ತು.

ಆಗ ಬಂದ ಮೂಗಪ್ಪ, ಸಂಘದವರ ವೈನೆಲ್ಲ ಮೂಸಿ ತೀರ್ಪು ಕೊಡೋ ದೊಡ್ಡ ಮನುಷ್ಯ. ಕುತ್ತಿಗೆಗೆ ಕರವಸ್ತ್ರ ಕಟ್ಕೊಂಡು, ಮೂಗನ್ನ ಮೊದಲು ಕಳಿಸಿ ಹಿಂದಿನಿಂದ ತಾನು ನಡ್ಕೊಂಡು ಬರ್ತಾನಲ್ಲ, ಹಾಗೆ. ಬಂದ. ನಿಂತ. ಚೀಟಿ ಓದಿದ. ಒಂದು ಗುಟುಕು ತಗೊಂಡ, ಬಾಯಲ್ಲಿ ಆ ಕೆನ್ನೆಗೊಂದು ಸಲ ಈ ಕೆನ್ನೆಗೊಂದು ಸಲ ಹೊರಳಿಸ್ದ, ಉಗುಳ್ದ. ನನ್ನ ಹತ್ರ ಒಂದು ಮಾತಿಲ್ಲ! ಸೀದಾ ಹೋಗಿ ವೇದಿಕೆ ಹತ್ತಿ ಏನಂದ ಗೊತ್ತಾ? ‘ಈ ಮೊಂಡಿ ಬಗ್ಗೆ ಎಷ್ಟೋ ವರ್ಷದಿಂದ ಕೇಳ್ತಾನೇ ಇದ್ದೀವಿ. ಬರೀ ಮಾತಿದೆ, ರಸ ಇಲ್ಲ. ಪಟ್ಟಿಯಿಂದ ತೆಗೆದುಬಿಡೋಣ.’ ಮಾತಿದೆ, ರಸ ಇಲ್ಲ! ಜನ ನಕ್ಕರು ಅಕ್ಕಾ. ಹಿಂದಿನ ಸಾಲಲ್ಲಿ ಒಬ್ಬ ಚಪ್ಪಾಳೆ ಕೂಡ ತಟ್ಟಿದ.

ನಾನೇನು ಮಾಡ್ದೆ? ಏನು ಮಾಡ್ಲಿ... ರುಚಿ ನೋಡಿದ ವೈನ್ ಉಗುಳೋ ಬಕೆಟ್ಟು ಇತ್ತಲ್ಲ, ಅದು ಅವನ ಕಾಲ ಮೇಲೆ ಬಿತ್ತು. ಅವನು ಕೆಳಗಿಳಿದು ಬರ್ತಾ ಇದ್ದ, ಬಿತ್ತು. ಅಲ್ಲ, ಬಿತ್ತು ಅಂದ್ರೆ... ಒದ್ದೆ. ನಾನೇ ಒದ್ದೆ! ಅವನ ಪಾಲಿಶ್ ಮಾಡಿದ ಶೂ, ಬಿಳೀ ಪ್ಯಾಂಟು, ಎಲ್ಲರ ಎಂಜಲು... ನೋಡು, ನಗ್ತೀಯ! ಬೇಡ ಅಂದ್ನಲ್ಲ! ನೀರು ಕುಡಿ. ನಿಧಾನ. ನಿಧಾನ...

ಹೋಯ್ತಾ? ನರ್ಸಮ್ಮನ್ನ ಕರೀಲಾ? ಸರಿ, ಸರಿ, ಕರೆಯಲ್ಲ.

ಅವರ ಮಾತು ಕಟ್ಕೊಂಡು ನಮಗೇನು? ಅದಕ್ಕೇ ಸೀದಾ ಮನೆಗೆ ಬಂದು, ನೆಲಮಾಳಿಗೆಯಿಂದ ಬಾಟಲಿ ಎತ್ಕೊಂಡು ಮೇಲೆ ನಿನ್ನ ಹತ್ರ ಬಂದೆ. ನೋಡು. ಮೊಂಡಿಯ ಮೊದಲ ವೈನ್. ಗ್ಲಾಸೂ ಆ ತೆಳು ಅಂಚಿಂದೇ ತಂದಿದ್ದೀನಿ, ದಪ್ಪಂದು ಕೊಟ್ಟರೆ ‘ಬಕೆಟ್ಟಲ್ಲಿ ಕುಡಿದ ಹಾಗಿದೆ’ ಅಂತ ಮುಖ ಸಿಂಡರಿಸ್ತೀಯ. ಯಾಕೆ ಬಾಗಿಲ ಕಡೆ ನೋಡ್ತೀಯ? ಡಾಕ್ಟರಾ? ಕೇಳಿದ್ದೀನಿ, ಕೇಳದೆ ತರ್ತೀನಾ? ‘ಏನು ಬೇಕಾದ್ರೂ ಕೊಡಿ, ಆಸೆ ಪಟ್ಟಿದ್ದು ಕೊಡಿ’ ಅಂದ. ಅದಕ್ಕೂ ಜಗಳ ಆಡ್ದೆ ನಾನು. ಏನು ಬೇಕಾದ್ರೂ ಕೊಡಿ ಅಂದ್ರೆ ಏನರ್ಥ? ಒಂದು ಪಥ್ಯ ಹೇಳೋಕೆ ಬರಲ್ವಾ ಆ ಮನುಷ್ಯನಿಗೆ? ಇದು ತಿನ್ನಬೇಡಿ, ಅದು ಮುಟ್ಟಬೇಡಿ ಅಂತ ಹೇಳೋಕೆ ತಾನೇ ಅವನಿರೋದು? ಸುಮ್ಮನೆ ಪೆನ್ನಿನ ಮುಚ್ಚಳ ಹಾಕೋದು, ತೆಗೆಯೋದು, ಹಾಕೋದು, ತೆಗೆಯೋದು... ಏನಿಲ್ಲ. ನೀನು ಚೇತರಿಸ್ಕೊಳ್ತಾ ಇದ್ದೀಯ ಅಂತ ಅರ್ಥ. ಅಷ್ಟೇ. ಇನ್ನೇನು ಮತ್ತೆ!

ಹಿಡಿ. ಎರಡೂ ಕೈಯಲ್ಲಿ ಹಿಡಿ. ಕಿಟಕಿ ಬೆಳಕಲ್ಲಿ ಬಣ್ಣ ನೋಡು. ಒಣಹುಲ್ಲಿನ ಬಣ್ಣ, ಅಂಚಲ್ಲಿ ಚೂರೇ ಚೂರು ಹಸಿರು. ಹೌದಾ ಇಲ್ವಾ? ಈಗ ಮೂಸಿ ನೋಡು. ಆತುರ ಇಲ್ಲ. ಮರಸೇಬು ಬರುತ್ತೆ ಮೊದಲು... ಆಮೇಲೆ ನಿಂಬೆ ಸಿಪ್ಪೆ... ಅದಾದ್ಮೇಲೆ ಒದ್ದೆ ಕಲ್ಲು. ಬರುತ್ತಾ? ಬರುತ್ತೆ. ಕುಡಿ.

...

ಹೇಗಿದೆ?

...

ಇನ್ನೊಂದು ಗುಟುಕು ತಗೋ. ಮೊದಲನೇದು ಬಾಯಿ ತೊಳೆಯೋಕೆ ಅಂತ ನೀನೇ ಹೇಳ್ತಿದ್ದೆ.

...

ಏನಾದ್ರೂ ಹೇಳು. ನೀನು ಯಾವತ್ತು ವೈನ್ ಬಾಯಿಗಿಟ್ಟು ಸುಮ್ಮನಿದ್ದೆ? ನನ್ನ ಮೊಟ್ಟಮೊದಲ ವೈನ್ ಕುಡಿದು, ಅದೂ ನನ್ನ ಮಾವನ ಮನೆಯವರೆಲ್ಲ ಕೂತಿರುವಾಗ, ‘ಚೆನ್ನಾಗಿದೆ ಕಣೋ, ತಾಮ್ರದ ಪಾತ್ರೆ ತೊಳೀಬಹುದು’ ಅಂದೋಳು! ಒಂದು ವಾರ ಊಟ ಬಿಟ್ಟಿದ್ದೆ ನಾನು. ಅಲ್ಲ, ಊಟ ಬಿಟ್ಟಿರಲಿಲ್ಲ, ನಿನ್ನ ಜೊತೆ ಊಟಕ್ಕೆ ಕೂರ್ತಾ ಇರಲಿಲ್ಲ. ಅಂಥ ಬಾಯಿ ನಿನ್ನದು. ಇವತ್ತು ಏನಾಯ್ತು ಅದಕ್ಕೆ? ಬೈ. ಹುಳಿ ಅನ್ನು, ನೀರು ನೀರು ಅನ್ನು. ಮಡ್ಡಿ ತೆಗೆಯೋಕೆ ಬರಲ್ವೇನೋ ದಡ್ಡ ಅನ್ನು. ಒಟ್ಟು ಅನ್ನು!

ಹಾಗೆ ನೋಡಬೇಡ.

ನಿನಗೋಸ್ಕರ ಅಲ್ಲಿ ಅಷ್ಟು ಬೈಸ್ಕೊಂಡು ಬಂದಿದ್ದೀನಿ. ಮೂಗಪ್ಪ ಗ್ಲಾಸೂ ಮುಟ್ಟದೆ ನಮ್ಮ ಮೇಜು ದಾಟ್ಕೊಂಡು ಹೋದ, ಆವಾಗಲೂ ನಾನು... ಏನು? ಏನು ಹುಬ್ಬು ಏರಿಸ್ತೀಯ? ಗುಟುಕು ತಗೊಂಡ ಅಂದೆನಾ? ಆಗ್ಲೇ? ಹಾಂ, ತಗೊಂಡ. ಮೊದಲು ದಾಟ್ಕೊಂಡು ಹೋದ, ಆಮೇಲೆ ವಾಪಸ್ ಬಂದು ತಗೊಂಡ. ಏನೀಗ? ಪೊಲೀಸರ ಹಾಗೆ ಕೇಳ್ತೀಯಲ್ಲ! ಕೇಳ್ಲಿಲ್ವಾ? ಬಾಯಲ್ಲಿ ಕೇಳ್ಲಿಲ್ಲ, ಕಣ್ಣಲ್ಲಿ ಕೇಳ್ದೆ. ನಿನ್ನ ಕಣ್ಣು ನನಗೆ ಗೊತ್ತಿಲ್ವಾ?

ಆ ಜನಕ್ಕೆ ಏನು ಗೊತ್ತು ಅಕ್ಕಾ? ಮೊಂಡಿ ಹುಟ್ಟಿದ್ದು ಅವರು ನೋಡಿದ್ದಾರಾ? ನಾನು ನೋಡಿದ್ದೀನಿ. ಮಕ್ಕಳ ಬಣ್ಣದ ಡಬ್ಬಿಯಿಂದ ಕುಂಚ ಕದ್ದು, ಬೇಲಿ ಮೇಲಿನ ಆ ಕಾಡು ದ್ರಾಕ್ಷಿ ಹೂವಿನ ಪುಡಿ ತಗೊಂಡು, ನಮ್ಮ ಬಿಳಿ ದ್ರಾಕ್ಷಿ ಹೂವಿಗೆ ಸವರ್ತಾ ನಿಂತಿದ್ದೆ ನೀನು. ಹಾದಿಯಲ್ಲಿ ಹೋಗೋರೆಲ್ಲ ನಿಂತು ನೋಡೋರು. ‘ಏನಮ್ಮಾ, ಬಳ್ಳಿಗೆ ಕಾಡಿಗೆ ಹಚ್ತಾ ಇದ್ದೀಯಾ?’ ಅಂತ ಒಬ್ಬ ಕೇಳ್ದ. ‘ಹೌದು, ನಿನ್ನ ದೃಷ್ಟಿ ತಾಗದೇ ಇರ್ಲಿ ಅಂತ’ ಅಂದೆ ನೀನು. ಬೀಜ ತೆಗೆದು ತಾರಸಿ ಮೇಲೆ ಖಾಲಿ ಪೇಂಟ್ ಡಬ್ಬಿಗಳಲ್ಲಿ ಹಾಕ್ದೆ. ಬಟ್ಟೆ ಒಣಗಿಸೋಕೆ ಜಾಗ ಇಲ್ಲ ಅಂತ ನನ್ನವಳು ದಿನಾ ಗೊಣಗೋಳು. ಸಸಿ ಬಂತು, ಬೂದಿ ರೋಗವೂ ಬಂತು. ಎಲೆ ಮೇಲೆಲ್ಲ ಹಿಟ್ಟು ಚೆಲ್ಲಿದ ಹಾಗೆ. ಔಷಧಿ ಹೊಡೀತೀನಿ ಅಂತ ಪಂಪು ಎತ್ಕೊಂಡು ಬಂದೆ ನಾನು. ನೀನು ಬೈದು ಓಡಿಸ್ದೆ. ‘ಸಾಯೋವು ಸಾಯ್ಲಿ. ಔಷಧಿ ಇಲ್ದೆ ಬದುಕೋದೊಂದು ಬೇಕು ನನಗೆ’ ಅಂದೆ. ಎಷ್ಟು ಕಲ್ಲು ಮನಸ್ಸು ಅಂದ್ಕೊಂಡಿದ್ದೆ ಆಗ. ಎಲ್ಲ ಒಣಗಿ ಹೋದ್ವು. ಡಬ್ಬಿ ಎಸೆಯೋಕೆ ಹೋದಾಗ ಒಂದು ಮಾತ್ರ ತುಕ್ಕು ಹಿಡಿದ ಡಬ್ಬಿಯಿಂದ ಆಚೆ ಬಾಗಿ ಹಸಿರಾಗಿತ್ತು. ಅದನ್ನೂ ಕೀಳೋಕೆ ನಾನು ಕೈ ಹಾಕ್ದೆ, ಫಟ್ ಅಂತ ಕೈ ಮೇಲೆ ಹೊಡೆದೆ ನೀನು. ‘ಆ ಮೊಂಡಿನ ಮುಟ್ಟಬೇಡ!’ ಅಂದೆ. ಅದೇ ಹೆಸರಾಯ್ತು.

ಅಲ್ಲಿಂದ ಕಸಿ ಮಾಡಿದ್ದೇನು, ಮೇಲಿನ ಇಳಿಜಾರಲ್ಲಿ ಸಾಲು ಹಾಕಿದ್ದೇನು, ಕಾದಿದ್ದೇನು... ಪ್ರತಿ ವರ್ಷ ಒಂದಷ್ಟು ಗೊಂಚಲು ಬಿಡೋದು, ನೀನು ಒಬ್ಬಳೇ ಹೋಗಿ ಹಣ್ಣು ಬಾಯಿಗೆ ಹಾಕ್ಕೊಂಡು, ಸಿಪ್ಪೆ ಅಗಿದು, ಬೀಜ ಅಗಿದು, ಕಣ್ಣು ಮುಚ್ಕೊಂಡು ನಿಲ್ಲೋದು. ನನಗೆ ಒಂದು ಹಣ್ಣು ಕೊಡೋಕೂ ಜಿಪುಣತನ. ಕೊನೇಲಿ ನಾಲಿಗೆ ತುದಿಗೆ ಚುರುಕ್ ಅನ್ನುತ್ತೆ ಕಣೋ, ಮೆಣಸಲ್ಲ, ಕಹಿಯಲ್ಲ, ಏನೋ ಒಂದು, ಅಂತಿದ್ದೆ. ಬಾಟಲಿ ತುಂಬೋಷ್ಟು ಹಣ್ಣು ಬಿಟ್ಟಿದ್ದು ಇದೇ ವರ್ಷ ಮೊದಲು. ಬಳ್ಳಿ ಬಗ್ಗಿ ಹೋಗಿತ್ತು. ಕೊಯ್ಲಿನ ದಿನ ಎಲ್ಲರೂ ನಿನ್ನೇ ನೆನೆಸ್ಕೊಂಡ್ರು...

ಹೇಳಿದ್ದೀನಾ? ಕೊಯ್ಲಿನ ವಿಷಯ ಆಗಲೇ ಹೇಳಿದ್ದೀನಾ? ಸರಿ ಬಿಡು, ಮತ್ತೆ ಹೇಳಲ್ಲ.

ಗ್ಲಾಸು ಯಾಕೆ ಕೆಳಗಿಟ್ಟೆ?

ಅಲ್ಲ, ಯಾಕೆ ಇಟ್ಟೆ? ಇನ್ನೂ ಅರ್ಧ ಇದೆ. ಆ ಚುರುಕು ಹುಡುಕ್ತಾ ಇದ್ದೀಯಾ? ಇದೆ. ಸ್ವಲ್ಪ ಹಿಂದಿದೆ. ಹೊಸ ವೈನ್ ಅಲ್ವಾ, ಬಾಟಲಿಯಲ್ಲಿ ಕೂತ ಮೇಲೆ ಮುಂದೆ ಬರುತ್ತೆ. ನನಗೆ ಸಿಗ್ತಾ ಇದೆ. ನೋಡು, ನಾನು ಕುಡೀತೀನಿ... ಹ್ಞಾ. ಇದೆ! ಸ್ಪಷ್ಟವಾಗಿದೆ! ನಿನಗೆ ಸಿಗ್ತಿಲ್ಲ ಅಂದ್ರೆ ನಿನ್ನ ನಾಲಿಗೆ ತಪ್ಪು, ನನ್ನ ವೈನಿಂದಲ್ಲ! ಆ ಗುಳಿಗೆ ಈ ಗುಳಿಗೆ ನುಂಗಿ ನುಂಗಿ ನಿನ್ನ ನಾಲಿಗೆ ಸತ್ತು ಹೋ...

ಮಾತಿಗೆ ಅಂದೆ. ಅಕ್ಕಾ, ಬರೀ ಮಾತಿಗೆ ಅಂದೆ. ಬಾಯಿ ಜಾರ್ತು. ಸಿಟ್ಟಲ್ಲಿ ಏನೋ ಬಂದುಬಿಡ್ತು... ನೀನಾದ್ರೂ ಯಾಕೆ ಸುಮ್ಮನಿದ್ದು ನನ್ನ ಹೀಗೆ ರೇಗಿಸ್ತೀಯ? ಚಿಕ್ಕಂದಿನಿಂದ ಇದೇ ಕೆಲಸ ನಿನ್ನದು! ಅಮ್ಮ ಬೈದ್ರೆ ಬೈಯೋರು, ಅಲ್ಲಿಗೆ ಮುಗೀತಿತ್ತು. ನೀನು ಸುಮ್ಮನೆ ನೋಡ್ಕೊಂಡು ಕೂರೋಳು, ನಾನು ಮಾಡಿದ್ದು ಮಾಡದೇ ಇದ್ದದ್ದು ಎಲ್ಲ ಬಾಯಿ ಬಿಡೋ ತನಕ. ನೋಡಬೇಡ! ಆ ಕಡೆ ತಿರುಗು!

...

ಅಲ್ಲ ಇದು.

ಅಲ್ಲ. ಮೊಂಡಿ ಅಲ್ಲ. ಆಯ್ತಾ? ಸಮಾಧಾನ ಆಯ್ತಾ? ಕೆಳಗಿನ ತೋಟದ ಹಳೇ ದ್ರಾಕ್ಷಿ ವೈನ್ ಇದು. ಅದನ್ನೇ ಸೋಸಿ, ನೆಲಮಾಳಿಗೇಲಿ ಜಾಡಿ ಜಾಡಿ ಇಟ್ಕೊಂಡು, ಒಂದರಲ್ಲಿ ದ್ರಾಕ್ಷಿ ಬೀಜ ಜಜ್ಜಿ ಹಾಕ್ದೆ, ಇನ್ನೊಂದರಲ್ಲಿ ತೊಟ್ಟು ನೆನೆಸ್ದೆ, ಇದಕ್ಕದು ಬೆರೆಸಿ ಅದಕ್ಕಿದು ಬೆರೆಸಿ... ನನ್ನವಳು ಪ್ರತಿ ಸಲ ಕುಡಿದು ‘ಇಲ್ಲ ರೀ, ಅತ್ತಿಗೆಗೆ ಗೊತ್ತಾಗುತ್ತೆ’ ಅನ್ನೋಳು. ಬಾಯಿ ಮುಚ್ಚೇ ಅಂತ ಬೈದೆ ಅವಳನ್ನ. ಆ ಚುರುಕು ಬರಲೇ ಇಲ್ಲ ಅಕ್ಕಾ. ಏನು ಮಾಡಿದ್ರೂ ಬರ್ಲಿಲ್ಲ. ನಿನ್ನ ಹಾಳು ಬಳ್ಳಿ ಎಲ್ಲಿಂದ ತರುತ್ತೋ ಅದನ್ನ!

ಮೂಗಪ್ಪ ಗುಟುಕೂ ತಗೊಂಡಿಲ್ಲ, ಉಗುಳ್ಲೂ ಇಲ್ಲ. ಉಗುಳೋಕೆ ಏನಿತ್ತು ಅಲ್ಲಿ? ಖಾಲಿ ಮೇಜಿನ ಮೇಲೆ ಬರೀ ಚೀಟಿ ಇಟ್ಕೊಂಡು ಕೂತಿದ್ದೆ ನಾನು. ಇದನ್ನ ನಿನ್ನ ಹೆಸರಿನ ಕೆಳಗೆ ಇಡೋಕೆ ಮನಸ್ಸು ಬರಲಿಲ್ಲ. ಹೋಗದೇ ಇರೋಕೂ ಆಗ್ಲಿಲ್ಲ, ನೀನು ಬೆಳಿಗ್ಗೇನೇ ಕೋಟಿಗೆ ಬ್ರಷ್ ಹಾಕಿಸಿ ಇಟ್ಟಿದ್ದೆ. ಅದಕ್ಕೇ ಅವನು ಹಾಗಂದಿದ್ದು. ನಿಜಾನೇ ಅಂದ ಆ ಪ್ರಾಣಿ. ಬಕೆಟ್ಟು ಒದ್ದಿದ್ದು ಮಾತ್ರ ನಿಜ. ಅದನ್ನ ಇನ್ನೊಂದು ಸಲ ಬೇಕಾದ್ರೂ ಒದೀತೀನಿ!

ಆಲಿಕಲ್ಲು ಅಕ್ಕಾ. ನೀನಿನ್ನೂ ಆಸ್ಪತ್ರೆಯಲ್ಲಿದ್ದೆ, ಮನೆಗೆ ಬಂದಿರಲಿಲ್ಲ. ಕೆಳಗಿನ ತೋಟ ಕೊಯ್ದಾಗಿತ್ತು, ಮೊಂಡಿ ತಡವಾಗಿ ಹಣ್ಣಾಗೋದು ಅಂತ ನೀನೇ ಕಾಯೋಕೆ ಹೇಳಿದ್ದೆ. ಇನ್ನೇನು ನಾಳೆ ನಾಡಿದ್ದು ಅನ್ನೋವಾಗ, ಮಟ ಮಟ ಮಧ್ಯಾಹ್ನ, ಆಕಾಶ ಕಪ್ಪಾಯ್ತು. ಬುಟ್ಟಿ ಎತ್ಕೊಂಡು ಇಳಿಜಾರು ಹತ್ತಿ ಓಡಿದೆ, ಸಿಕ್ಕಷ್ಟು ಕೊಯ್ಯೋಣ ಅಂತ. ಒಂದು ಗೊಂಚಲಿಗೆ ಕೈ ಹಾಕಿದ್ದೀನಿ, ಕೈಯಲ್ಲೇ ಚೂರಾಯ್ತು. ನಿಂಬೆ ಗಾತ್ರದ ಕಲ್ಲು. ಬೆನ್ನ ಮೇಲೆ, ತಲೆ ಮೇಲೆ... ನಿನ್ನ ನೋಡೋಕೆ ಆಸ್ಪತ್ರೆಗೆ ಬಂದಾಗ ನನ್ನ ಹಣೆಗೆ ಪಟ್ಟಿ ಕಟ್ಟಿತ್ತಲ್ಲ, ಪೀಪಾಯಿ ತಗುಲಿತು ಅಂದಿದ್ದೆ. ಪೀಪಾಯಿ ಅಲ್ಲ. ಮಳೆ ನಿಂತ ಮೇಲೆ ನೋಡ್ತೀನಿ, ಒಂದು ಹಣ್ಣಿಲ್ಲ ಬಳ್ಳಿ ಮೇಲೆ. ಕೆಸರಲ್ಲಿ ಐಸು, ಐಸಲ್ಲಿ ರಸ. ಮಂಡಿ ಊರಿ ಬಾಚ್ಕೊಳ್ತಾ ಇದ್ದೆ, ನನ್ನವಳು ಬಂದು ಕತ್ತಿನ ಪಟ್ಟಿ ಹಿಡಿದು ಎಳ್ಕೊಂಡು ಹೋದಳು. ಯಾರನ್ನ ಬೈಯೋದು ಹೇಳು? ಯಾರ ಕಾಲ ಮೇಲೆ ಬಕೆಟ್ಟು ಒದೆಯೋದು? ಆಕಾಶಕ್ಕೆ ಮುಖ ಮಾಡಿ ಬಾಯಿಗೆ ಬಂದಿದ್ದೆಲ್ಲ ಬೈದೆ, ಗಂಟಲು ಕಟ್ತು, ಅಷ್ಟೇ ಆಗಿದ್ದು. ನಿನಗೆ ಹೇಳಬಾರದು ಅಂತ ಎಲ್ಲರ ಬಾಯಿ ನಾನೇ ಮುಚ್ಚಿಸ್ದೆ.

ಬಳ್ಳಿಗೆ ಏನೂ ಆಗಿಲ್ಲ, ಹೆದರ್ಕೋಬೇಡ! ಬುಡಕ್ಕೆ ಏನೂ ಆಗಿಲ್ಲ. ನಿನ್ನೆ ನಾನೇ ಹೋಗಿ ಕಡ್ಡಿ ಕತ್ತರಿಸಿ ನೋಡಿ ಬಂದೆ, ಒಳಗೆ ಹಸಿ ಹಸಿರಾಗಿದೆ. ಮುಂದಿನ ವರ್ಷ ಎರಡರಷ್ಟು ಬಿಡುತ್ತೆ ನೋಡ್ತಿರು. ಮುಂದಿನ ವರ್ಷ ಇದೇ ಹೊತ್ತಿಗೆ...

...

ಕೇಳು ಅಕ್ಕಾ.

ನೀನು ಕೇಳಬೇಕಾದ್ದು ಒಂದಿದೆ ಈಗ. ‘ಬಳ್ಳಿ ಚೆನ್ನಾಗಿದ್ರೆ ಮುಂದಿನ ವರ್ಷ ಮಾಡಬಹುದಿತ್ತಲ್ಲೋ, ಅಷ್ಟಕ್ಕೆ ಈ ಕಳ್ಳಾಟ ಯಾಕೋ ಆಡ್ದೆ’ ಅಂತ. ಕೇಳು. ಅದಕ್ಕೆ ಉತ್ತರ ಇಟ್ಕೊಂಡಿದ್ದೀನಿ ನಾನು. ಒಳ್ಳೇ ಉತ್ತರ, ಮೆಟ್ಟಿಲು ಹತ್ತುವಾಗ್ಲೇ ಜೋಡಿಸ್ಕೊಂಡಿದ್ದೀನಿ. ಕೇಳೇ!

...

ಯಾಕೆ ಕೇಳ್ತಿಲ್ಲ?

ಕೈ ಬಿಡು. ತಲೆ ಸವರಬೇಡ. ನಾನು ಜಗಳ ಆಡ್ತಾ ಇದ್ದೀನಿ ನಿನ್ನ ಹತ್ರ, ಹೀಗೆಲ್ಲ ತಲೆ ಸವರಬಾರದು. ನಾನೇನು ಮಗುನಾ?

ಯಾರು ಹೇಳಿದ್ರು ನಿನಗೆ? ಮುಂದಿನ ಕೊಯ್ಲಿನ ತನಕ ನೀನು... ಯಾರು ಹೇಳಿದ್ದು? ಆ ಡಾಕ್ಟರಾ? ಹೇಳಲ್ಲ ಅಂತ ನನಗೆ ಮಾತು ಕೊಟ್ಟಿದ್ದ ಅವನು, ಬರ್ಲಿ ಇವತ್ತು! ಅವನಲ್ವಾ? ನರ್ಸಮ್ಮನಾ? ನನ್ನವಳಾ? ತಲೆ ಅಲ್ಲಾಡಿಸ್ತೀಯ. ಮತ್ತೆ ಯಾರು ಅಕ್ಕಾ?

...

ಯಾರೂ ಹೇಳಿರ್ಲಿಲ್ಲ.

ಈಗಲೇ... ಈ ಬಾಟಲಿ ಎತ್ಕೊಂಡು ಬಂದು... ನಾನೇ ಹೇಳ್ದೆ.